ಮೊದಲ ನಿಲ್ಲೂದು

ರಾಣೆಬೆನ್ನೂರಿನ ನಮ್ಮ ಮೆಕ್ಯಾನಿಕ್ ಮಾತಾಡುವಾಗ ನಟ್ಟು ಬಿಚ್ಚುವ ಪಾನಾದಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು. ೧೯೯೦ರ ಸುಮಾರಿಗೆ ನಾನು ಕೊಂಡ ಹಳೆಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿಗೆ ಬಣ್ಣ ಬಳಿಯೋಣವೇ, ಕಾರ್ಬ್ಯುರೇಟರ್ ಬದಲಿಸೋಣವೇ ಎಂದು ಏನೇ ಕೇಳಿದರೂ ಅವರದು ಒಂದೇ ಉತ್ತರ: “ಮೊದಲ ನಿಲ್ಲೂದು ಕಲೀಲಿ. ಓಡೂದು ಆಮ್ಯಾಲ.”

ಬ್ರೇಕಿನ ಕೆಲಸ ಮುಗಿದ ದಿನ ಇಬ್ಬರೂ ಬ್ಯಾಡಗಿ ರಸ್ತೆಗೆ ಹೊರಟೆವು. ತಿರುವಿನಾಚೆ ರಸ್ತೆ ತುಂಬ ಹುರುಳಿ ಗಿಡ ಹರವಿದ ಹೆಂಗಸೊಬ್ಬಳು ಅದರ ಈಚೆ ರಸ್ತೆಯ ನಡುವೆಯೇ ನಿಂತಿದ್ದಳು. ಬ್ರೇಕ್ ಒತ್ತಿದೆ. ಆಕೆಯಿಂದ ಒಂದು ಮಾರು ದೂರದಲ್ಲಿ ಕಾರು ಗಕ್ಕನೆ ನಿಂತಿತು, ಎಂಜಿನ್ನೂ ಆರಿತು.

“ನಿಂತತಲ್ರೀ, ನಿಂತತು!” ಮೆಕ್ಯಾನಿಕ್ ಕುಣಿಯುತ್ತಲೇ ಕೆಳಗಿಳಿದರು.

ಆಕೆ ರೇಗಿದಳು: “ಯಾಕ ನಿಂತ್ರಿ? ಗಾಡಿ ಹಾಯ್ದು ಕಾಳು ಬಿಡ್ಲಿ ಅಂತನ ಹರವೇನಿ!”

ಎಂಜಿನ್ ಮತ್ತೆ ಚಾಲೂ ಆಗಲಿಲ್ಲ. ನಾವಿಬ್ಬರೂ ಕಾರನ್ನು ತಳ್ಳಿಕೊಂಡೇ ಹುರುಳಿಯ ಮೇಲೆ ಹಾಯಿಸಿದೆವು.

ಬಗ್ಗಿ ಕಾಳು ನೋಡಿದ ಆಕೆ ಅಂದಳು: “ಭಾಳ ಹಗೂರ ಗಾಡಿರಿ. ಇನ್ನೊಂದ ಸಲ ದಬ್ರಿ.”