ಸೀರೆ ಹಾಸುವ ಕೈ

ಮಡಚಿಟ್ಟ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ಗೋವೆಯ ಮ್ಹಾಪಸಾ ಪೇಟೆಯ ನಮ್ಮ ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ ಇದು. ಗಿರಾಕಿ ಗಾದಿಯ ಆಚೆ ಕೂತಿರುತ್ತಾಳೆ, ನಾವು ಈಚೆ. ಸೆರಗಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಮಡಚಿದ ಸೀರೆಯನ್ನು ಬಲ ಅಂಗೈ ಮೇಲಿಟ್ಟುಕೊಂಡು ಮಣಿಕಟ್ಟನ್ನು ಒಮ್ಮೆ ತಿರುಗಿಸಿದರೆ, ಅದು ಬಿಳಿ ಗಾದಿಯ ಮೇಲೆ ಓಡಿಹೋಗಿ ಅವಳ ಮೊಣಕಾಲು ಮುಟ್ಟಬೇಕು. ಮುಟ್ಟಿದರೆ ಅರ್ಧ ವ್ಯಾಪಾರ ಆದಂತೆ. ಇನ್ನರ್ಧ ಆಗುವುದು ನಾವು ಅದನ್ನು ಎತ್ತಿಡಲು ಹೋದಾಗ ಅವಳು ‘ಮಡಚಬ್ಯಾಡ್ರಿ’ ಅಂದರೆ. ಇಲ್ಲಿನವರು ಅದನ್ನು ಕೊಂಕಣಿಯಲ್ಲಿ ಹೇಳುತ್ತಾರೆ, ನಮ್ಮ ಕಡೆಯವರು ಕನ್ನಡದಲ್ಲಿ. ನಮ್ಮ ಕಿವಿಗೆ ಎರಡೂ ಸಕ್ಕರೆಯೇ.

ಧಾರವಾಡದಿಂದ ಮದುವೆಯಾಗಿ ಬಂದ ನನಗೆ ಈ ವಿದ್ಯೆ ಕಲಿಸಿದವರು ನನ್ನ ಅತ್ತೆ. ಕಲಿಸಿದರು ಅನ್ನುವುದಕ್ಕಿಂತ ಬೈದರು ಅನ್ನುವುದು ಸರಿ. “ರೊಟ್ಟಿ ಬಡದಂಗ ಬಡಿಬ್ಯಾಡ. ಸೀರಿ ತಾನ ಓಡತೈತಿ, ನೀ ಬರೇ ದಾರಿ ತೋರಸು,” ಅನ್ನುತ್ತಿದ್ದರು. ವಯಸ್ಸಾದ ಮೇಲೆ ಗಾದಿ ನನಗೆ ಬಿಟ್ಟು ಬಾಗಿಲ ಹತ್ತಿರದ ಸ್ಟೂಲಿಗೆ ಹೋದರು, ಆದರೆ ಬೈಗುಳ ಅಲ್ಲಿಂದಲೂ ಸರಿಯಾಗಿ ಬಂದು ಮುಟ್ಟುತ್ತಿತ್ತು. ಅವರ ಬಾಯಿಂದ ‘ಚಲೋ’ ಅನ್ನುವ ಮಾತು ಹೊರಟದ್ದು ನಾನು ಕೇಳಿಲ್ಲ.

ಅರಿವೆ ಅಂಗಡಿಯ ಮನೆಗಳಲ್ಲಿ ಇನ್ನೊಂದು ಪದ್ಧತಿ ಇದೆ. ಚಲೋ ಸೀರೆ ಗಿರಾಕಿಗೆ, ನೂಲು ಎದ್ದದ್ದು, ಬಣ್ಣ ಹತ್ತಿದ್ದು, ಯಾರೂ ಒಯ್ಯದೆ ಉಳಿದದ್ದು ಮನೆಯ ಹೆಂಗಸರಿಗೆ. ಅತ್ತೆ ಜೀವಮಾನವೆಲ್ಲ ಉಳಿದ ಮಾಲನ್ನೇ ಉಟ್ಟವರು. ಗಾದಿಯ ಆಚೆ ಬದಿಗೆ ಒಮ್ಮೆಯೂ ಕೂತವರಲ್ಲ.

ಸಂಧಿವಾತ ನನ್ನ ಕೈಗಳನ್ನು ಹಿಡಿದಾಗ ನಾನು ಇನ್ನೂ ಗಟ್ಟಿ ವಯಸ್ಸಿನವಳು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ, ಚಹಾದ ಲೋಟ ಹಿಡಿಯಲು ಎರಡು ಕೈ ಬೇಕು. ಪಕ್ಕದ ಅಂಗಡಿಯ ಗೋವೆಯ ಹೆಂಗಸೊಬ್ಬಳು ಗೇರುಹಣ್ಣಿನ ಸಾರಾಯಿ, ಫೆಣಿ, ತಿಕ್ಕಲು ಹೇಳಿದಳು. ತಿಕ್ಕಿದೆ. ಅಂಗಡಿ ತುಂಬ ಘಮ್ಮೆಂದು ವಾಸನೆ ಹರಡಿ, ಬಂದ ಗಿರಾಕಿಗಳೆಲ್ಲ ನಮ್ಮ ಯಜಮಾನರ ಮುಖ ನೋಡತೊಡಗಿದರು. ಪಾಪ, ಹಬ್ಬಕ್ಕೂ ಹನಿ ಮುಟ್ಟದ ಮನುಷ್ಯ!

ಆಮೇಲೆ ಸರಿಯಾದ ಔಷಧ ಸಿಕ್ಕು ರೋಗ ಹತೋಟಿಗೆ ಬಂತು, ಆದರೆ ಅಷ್ಟರಲ್ಲಿ ಎರಡೂ ಮಣಿಕಟ್ಟು ಸವೆದಿದ್ದವು. ಎಡಗೈಯದನ್ನು ಪಣಜಿಯ ಡಾಕ್ಟರು ಮೊದಲೇ ಲೋಹದ ಪಟ್ಟಿ ಹಾಕಿ, ಎಲುಬುಗಳನ್ನು ಕೂಡಿಸಿ ಕಾಯಂ ಮಾಡಿದ್ದರು. ನೋವು ಹೋಯಿತು, ಜೊತೆಗೆ ಬಾಗುವುದೂ ಹೋಯಿತು. ಆ ಕೈಯ ಬಗ್ಗೆ ನನ್ನ ತಕರಾರಿಲ್ಲ. ಸೆರಗಿನ ತುದಿ ಹಿಡಿಯಲು ಅಷ್ಟು ಸಾಕು. ಆದರೆ ಬಲಗೈ? ಅದು ಬಾಗದಿದ್ದರೆ ಸೀರೆ ಓಡುವುದಿಲ್ಲ. ಸೀರೆ ಓಡದಿದ್ದರೆ ನಾನು ಅಂಗಡಿಯಲ್ಲಿ ಸುಮ್ಮನೆ ಕೂತ ಒಬ್ಬ ಹೆಂಗಸು. ಆ ಯೋಚನೆಗೆ ನನಗೆ ಅಳು ಬರುತ್ತಿತ್ತು, ಅಳುವಿನ ಹಿಂದೆಯೇ ಸಿಟ್ಟು.

ಆ ದಿನಗಳಲ್ಲಿ ಗಾದಿಯ ಮೇಲೆ ಯಜಮಾನರು ಕೂತರು. ಅವರು ಹಾಸಿದ ಸೀರೆ ಅವರ ಕಾಲ ಬಳಿಯೇ ಗುಡ್ಡೆ ಬೀಳುತ್ತಿತ್ತು. “ಫ್ಯಾನಿನ ಗಾಳಿ,” ಅನ್ನುತ್ತಿದ್ದರು. ಫ್ಯಾನು ಬಂದ್ ಮಾಡಿದೆ. “ಗಾದಿ ಉಬ್ಬೇತಿ,” ಅಂದರು.

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ,” ಎಂದು ಸ್ಟೂಲಿನಿಂದ ಅತ್ತೆಯ ಮಾತು ಬಂತು. ಬೈಗುಳ ನನ್ನ ಬಿಟ್ಟು ಅವರ ಮಗನಿಗೆ ಬಿದ್ದದ್ದು ಅದೇ ಮೊದಲು, ನಾನು ನೋವಿನಲ್ಲೂ ನಕ್ಕೆ.

ಡಾಕ್ಟರು ಬಲಗೈಗೆ ಎರಡು ದಾರಿ ಹೇಳಿದರು. ಎಡಗೈಯಂತೆ ಕೂಡಿಸಿಬಿಡಬಹುದು, ಅದು ಗಟ್ಟಿ. ಇಲ್ಲವೆ ಸವೆದ ಕೀಲು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಹೊಸ ಕೀಲು ಕೂಡಿಸಬಹುದು, ಅದು ಬಾಗುತ್ತದೆ, ಆದರೆ ನಾಜೂಕು. “ಈ ಕೈಯಿಂದ ನಿಮಗೆ ಏನೇನು ಆಗಬೇಕು?” ಎಂದು ಕೊಂಕಣಿಯಲ್ಲಿ ಕೇಳಿದರು. ನಾನು ಸೀರೆ ಅಂದೆ. ಉಡುವುದಕ್ಕೆ ಎಂದು ತಿಳಿದು, ಅದು ಹೇಗಾದರೂ ಆಗುತ್ತದೆ ಅಂದರು. ಹಾಸುವುದು ಅಂದರೆ ಏನೆಂದು ಬಾಯಲ್ಲಿ ಹೇಳಲು ಹೋಗಿ ನಾನು ಸೋತೆ.

ಮುಂದಿನ ಸಲ ಒಂದು ಇಳಕಲ್ ಸೀರೆ ಕಟ್ಟಿಕೊಂಡು, ಅತ್ತೆಯನ್ನೂ ಯಜಮಾನರನ್ನೂ ಕರೆದುಕೊಂಡು ಹೋದೆ. ಅತ್ತೆ ರೋಗಿ ಮಲಗುವ ಮಂಚದ ಮುಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆ ಬಿಟ್ಟರು. ಅದು ಮಂಚದುದ್ದಕ್ಕೂ ಓಡಿ ಆಚೆ ಕೂತಿದ್ದ ಡಾಕ್ಟರ ಮೊಣಕಾಲಿಗೆ ಹೋಗಿ ಮುಟ್ಟಿತು. ನರ್ಸು ಓಡಿಬಂದು ಸೆರಗು ಮುಟ್ಟಿ, ಬೇರೆ ಬಣ್ಣ ಇದೆಯೇ ಎಂದಳು. ಡಾಕ್ಟರು ಮಾತ್ರ ಸೀರೆಯನ್ನು ನೋಡಲಿಲ್ಲ, ಅತ್ತೆಯ ಮಣಿಕಟ್ಟನ್ನು ನೋಡಿದರು. ಇನ್ನೊಮ್ಮೆ ಹಾಸಿಸಿದರು. ಆಮೇಲೆ ಸೀರೆಯನ್ನು ತಮ್ಮ ಅಂಗೈ ಮೇಲಿಟ್ಟು ಭಾರ ನೋಡಿದರು.

ನನ್ನ ಎಲುಬು, ನರ, ಸ್ನಾಯು ಇನ್ನೂ ಕೀಲು ತಾಳುವ ಹಾಗಿವೆ ಎಂದರು. ಮೊದಲಿನಷ್ಟು ಬಾಗುವುದಿಲ್ಲ. ಭಾರ ಎತ್ತಬಾರದು, ಕೈ ಊರಿ ಬೀಳಬಾರದು, ಜಾಡಿಸಬಾರದು. ವರ್ಷಗಳು ಕಳೆದ ಮೇಲೆ ಸಡಿಲಾದರೂ ಆದೀತು, ಆಗ ಕೂಡಿಸುವುದೇ ಗತಿ. ಹಗುರ ಸೀರೆಯನ್ನು ಅತ್ತೆಯವರಂತೆ ಮೆಲ್ಲಗೆ ಬಿಡುವುದಾದರೆ ಅಡ್ಡಿಯಿಲ್ಲ, ರೇಷ್ಮೆಯ ಭಾರ ಬೇರೆಯವರಿಗಿರಲಿ ಅಂದರು.

ಮರಳಿ ಬರುವಾಗ ಬಸ್ಸಿನಲ್ಲಿ ಯಜಮಾನರ ವಾದ. “ಅಜ್ಜಿಗೆ ಅರಿವಿ ಚಿಂತಿ ಅಂತ. ನೋವು ಹೋದ್ರ ಸಾಕು ಅಂತೀನಿ ನಾ, ನೀ ನೋಡಿದ್ರ ಸೀರಿ ಸೀರಿ ಅಂತಿ. ಗಟ್ಟಿ ಕೈನ ಮಾಡಿಸ್ಕೊ.”

“ಅರಿವಿ ಅಂಗಡ್ಯಾಗ ಕೂಡೋರಿಗೆ ಅರಿವಿ ಚಿಂತಿ ಬಿಟ್ಟು ಮತ್ಯಾವ ಚಿಂತಿ ಇರತೈತ್ರಿ?” ಅಂದೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು, ಯಾರ ಪರವನ್ನೂ ಹಿಡಿಯಲಿಲ್ಲ.

ಕೊನೆಗೆ ನಾನು ಬಾಗುವ ಕೀಲನ್ನೇ ಆರಿಸಿಕೊಂಡೆ. ಆಪರೇಶನ್ ಹೊತ್ತಿಗೆ ಕೈಯನ್ನಷ್ಟೇ ಮರಗಟ್ಟಿಸಿದ್ದರು. ಪರದೆಯ ಆಚೆ ಟಕಟಕ ಸದ್ದು. “ಬಡಿಗೇರ ಕೆಲಸ ನಡೆದಿದೆಯೇನು?” ಎಂದು ಕೇಳಿದೆ. ಡಾಕ್ಟರು ನಕ್ಕು, ಬಾಗಿಲು ಕೂಡಿಸುವಾಗ ಮನೆಯೊಡತಿ ಮಾತಾಡಬಾರದು ಅಂದರು.

ಕಟ್ಟು ಬಿಚ್ಚಿದ ಮೇಲೆ ವ್ಯಾಯಾಮ ಕಲಿಸಿದರು. ಮೊದಲ ಸಲ ಮಣಿಕಟ್ಟು ತುಸು ಬಾಗಿದಾಗ ನಾನು ನೋವಿಗಾಗಿ ಹಲ್ಲು ಕಚ್ಚಿ ಕಾದೆ. ನೋವು ಬರಲೇ ಇಲ್ಲ! ಅಂದು ಮನೆಗೆ ಬಂದು ಸಾರನ್ನ ಕಲಸಿ, ನನ್ನ ತುತ್ತನ್ನು ನಾನೇ ಎತ್ತಿ ಉಂಡೆ. ಹೊಟ್ಟೆ ತುಂಬಿದ ಮೇಲೂ ಬರೀ ಸಂತೋಷಕ್ಕೆ ಇನ್ನೊಮ್ಮೆ ಬಡಿಸಿಕೊಂಡೆ.

ಡಾಕ್ಟರ ಒಪ್ಪಿಗೆ ಬಂದ ಮೇಲೆ ಮಂಚದ ಮೇಲೆ ಅಭ್ಯಾಸ ಶುರು ಮಾಡಿದೆ. ಮೊದಲು ಕರ್ಚೀಫು, ಆಮೇಲೆ ಟವೆಲ್ಲು, ಆಮೇಲೆ ದುಪಟ್ಟಾ. ಟವೆಲ್ಲು ಒಂದು ದಿನ ಯಜಮಾನರ ಚಹಾದ ಕಪ್ಪಿನೊಳಗೆ ಇಳಿಯಿತು. ಅವರು ಬೈಯುವ ಬದಲು, “ದೂರ ಹೋಗಾಕತ್ತೈತಲ್ಲ!” ಎಂದು ಕುಣಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಬೈಯಲಿಲ್ಲ. ಇನ್ನು ಇವಳಿಂದ ಆಗದು ಎಂದು ಕೈಬಿಟ್ಟರೋ ಏನೋ.

ಚೌತಿ ಹತ್ತಿರ ಬಂದಾಗ ನಾನು ಅಂಗಡಿಗೆ ಮರಳಿದೆ. ಬೆಳಗಿನ ಹೊತ್ತು, ಗಿರಾಕಿ ಇನ್ನೂ ಯಾರೂ ಇಲ್ಲ. ನಾನು ಗಾದಿಯ ಮೇಲೆ ಕೂತೆ. ಆಗ ಅತ್ತೆ ಸ್ಟೂಲಿನಿಂದ ಎದ್ದು, ಚಪ್ಪಲಿ ಕಳಚಿಟ್ಟು, ಸುತ್ತಿ ಬಂದು, ಗಾದಿಯ ಆಚೆ ಬದಿಗೆ ಕೂತರು.

“ಅಕ್ಕಾರ, ಚೌತಿಗೆ ಒಂದ್ ಸೀರಿ ತೋರಸ್ರಿ,” ಅಂದರು.

ಅಕ್ಕಾರ ಅಂತೆ, ರೀ ಅಂತೆ! ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ. ನಾನು ಕೈಗೆ ಸಿಕ್ಕ ನೀಲಿ ಸೀರೆ ತೆಗೆದು ಹಾಸಿದೆ. ಅದು ಅರ್ಧ ದಾರಿಗೇ ಕೂತುಬಿಟ್ಟಿತು.

“ಇಂಥಾವು ನಮ್ಮೂರಾಗ ಬೇಕಾದಷ್ಟ ಸಿಗತಾವ,” ಎಂದು ಅತ್ತೆ ಮೂಗು ಮುರಿದರು.

ನನಗೆ ರೇಗಿತು. “ಇದಕ್ಕೇನಾಗೇತ್ರಿ ಅತ್ತಿ?”

“ಗಿರಾಕಿ ಜೋಡಿ ಜಗಳಾ ಆಡೂ ಅಂಗಡಿ ಏನ್ರಿ ಇದು? ರೊಟ್ಟಿ ಬಡದಂಗ ಬಡದ್ರ ಯಾರ ತಗೋತಾರ?”

ಬೈದರು! ಎಷ್ಟೋ ತಿಂಗಳ ಮೇಲೆ ಅತ್ತೆ ನನ್ನನ್ನು ಬೈದರು. ಎದೆ ಒಮ್ಮೆಗೇ ಹಗುರಾಯಿತು. ಚಲೋ ಮಾಲು ಇಡುವ ಮೇಲಿನ ಕಪಾಟಿನಿಂದ ದಾಳಿಂಬೆ ಬಣ್ಣದ ಇಳಕಲ್ ಸೀರೆಯನ್ನು ಯಜಮಾನರಿಂದ ತೆಗೆಸಿದೆ. ಜೋರು ಹಾಕಲಿಲ್ಲ. ಎಡಗೈಯಲ್ಲಿ ಸೆರಗು ಹಿಡಿದು, ಬಲಗೈಯನ್ನು ಅದು ಬಾಗುವಷ್ಟೇ ಬಾಗಿಸಿ ಸೀರೆಗೆ ದಾರಿ ಬಿಟ್ಟೆ. ಅದು ಒಂದೇ ಓಟಕ್ಕೆ ಗಾದಿ ದಾಟಿ ಅತ್ತೆಯ ಮೊಣಕಾಲು ಮುಟ್ಟಿತು.

ಅತ್ತೆ ಅಂಚಿನ ಮೇಲೆ ಬೆರಳಾಡಿಸಿದರು, ಎಳೆ ನೋಡಿದರು, ಸೆರಗನ್ನು ತಮ್ಮ ಹೆಗಲ ಮೇಲೆ ಇಟ್ಟುಕೊಂಡು ಕನ್ನಡಿಯ ಕಡೆ ತಿರುಗಿದರು. ಯಜಮಾನರು ರೂಢಿಯಂತೆ ಬಗ್ಗಿ ಸೀರೆಯನ್ನು ಎತ್ತಿಡಲು ಹೋದರು. ಅತ್ತೆ ಅದರ ಮೇಲೆ ಅಂಗೈ ಊರಿದರು.

“ಏ, ಮಡಚಬ್ಯಾಡೋ,” ಅಂದರು.

ನನ್ನ ಕಣ್ಣು ತುಂಬಿ ಬಂದವು. ಒರೆಸಿಕೊಂಡದ್ದು ಬಲಗೈಯಿಂದಲೇ, ಬಾಗಿದ ಮಣಿಕಟ್ಟಿನಿಂದ. ಅಳುತ್ತ ಕೂತರೆ ವ್ಯಾಪಾರ ಕೆಡುತ್ತದೆ ಎಂದು ಕಪಾಟಿನ ಕಡೆ ತಿರುಗಿದೆ.

“ಬ್ಯಾರೆ ಬಣ್ಣ ತೋರಸ್ಲೇನ್ರಿ?”

“ತೋರಸ್ರಿ,” ಅಂದು ಅತ್ತೆ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತರು.