ಆಪರೇಟರ್ ಕೈಗೆ ಗುದ್ದಲಿ

ನಮ್ಮಲ್ಲಿ ಮುಷ್ಕರವೆಂದರೆ ಬಕೆಟ್ ನೆಲಕ್ಕಿಡುವುದು. ಮಣ್ಣು ಅಗೆಯುವ ಯಂತ್ರದ ಉದ್ದ ಕೈಯನ್ನು ಇಳಿಸಿ, ಬಕೆಟ್ಟನ್ನು ನೆಲಕ್ಕೂರಿ, ಕೀಲಿಯನ್ನು ಯೂನಿಯನ್ ಕಾರ್ಯದರ್ಶಿಗೆ ಕೊಟ್ಟರೆ ಮುಗಿಯಿತು. ಮಾತುಕತೆ ಮುಗಿಯುವ ತನಕ ಅದನ್ನು ಯಾರೂ ಎತ್ತುವಂತಿಲ್ಲ. ಎತ್ತಿದವನ ಪಕ್ಕ ಕೂತು ಯಾರೂ ಟೀ ಕುಡಿಯುವುದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಶವಂತಪುರದಿಂದ ಗೊರಗುಂಟೆಪಾಳ್ಯದ ಕಡೆಗೆ ನೀರಿನ ಪೈಪು ಹೂಳಲು ನಾನು ಕಾಲುವೆ ತೋಡುತ್ತಿದ್ದೆ. ನಮ್ಮ ಸೀಟಿನ ಮೇಲೆ ನೆರಳಿಗೊಂದು ತಗಡೂ ಇರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಆ ತಗಡಿಗಾಗಿಯೇ ಬಕೆಟ್ ಇಳಿಸಿದೆವು. ನನ್ನದು ಇಳಿದದ್ದಾದರೂ ಎಲ್ಲಿ? ಒಬ್ಬ ಮುದುಕಿಯ ಮಣ್ಣಿನ ಗೋಡೆಗೆ ಅಂಟಿಕೊಂಡೇ ಕಾಲುವೆ ತೋಡಿಟ್ಟಿದ್ದ ಜಾಗದಲ್ಲಿ. ಆಕೆ ಊದುಬತ್ತಿ ಹೊಸೆದು ಒಬ್ಬಳೇ ಬದುಕುತ್ತಿದ್ದ ಮುಸಲ್ಮಾನ ಹೆಂಗಸು. ಇದ್ದದ್ದು ಅದೊಂದೇ ಕೋಣೆ.

ಮೋಡ ಕಟ್ಟಿತು. "ಗುಂಡಿ ಮುಚ್ಬಿಡೋ ಬೇಟಾ, ಮಳೆ ಬಂದ್ರೆ ನನ್ ಗೋಡೆ ನಿಲ್ಲಲ್ಲ" ಎಂದಳು.

ಕಾರ್ಯದರ್ಶಿಯ ಹತ್ತಿರ ಓಡಿದೆ. "ಒಂದೇ ಒಂದು ಗಂಟೆ ಕೀಲಿ ಕೊಡಿ ಅಣ್ಣಾ."

"ಬಕೆಟ್ ಎತ್ತಿದ್ರೆ ಸ್ಟ್ರೈಕ್ ಮುರ್ದಂಗೆ ಕಣೋ. ಒಂದ್ ಕಡೆ ಎತ್ತಿದ್ರೆ ನಾಳೆ ಎಲ್ಲಾ ಕಡೆ ಎತ್ತುಸ್ತಾರೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಮೈ ಉರಿದದ್ದೇ ಅದಕ್ಕೆ.

ಕೊನೆಗೆ ನಾವು ಮೂವರು ಆಪರೇಟರುಗಳು ಗುದ್ದಲಿ, ಬಾಂಡ್ಲಿ ಹಿಡಿದು ನಿಂತೆವು. ಹಿಂದೆಲ್ಲ ಯಂತ್ರ ಕೆಟ್ಟ ದಿನ ಕಂಪನಿಯವರು ನಮ್ಮನ್ನು ಕೂಲಿ ಕೆಲಸಕ್ಕೆ ಹಚ್ಚುತ್ತಿದ್ದರು. ಜಗಳವಾಡಿ, ಆಪರೇಟರ್ ಕೈಗೆ ಗುದ್ದಲಿ ಕೊಡಕೂಡದೆಂದು ಒಪ್ಪಂದ ಬರೆಸಿಕೊಂಡಿದ್ದೆವು. ಅಂದು ನಾವೇ ಹಿಡಿದೆವು. ಮುಷ್ಕರದಲ್ಲಿದ್ದವರನ್ನು ಕೇಳುವವರು ಯಾರು? ಬೆಳಗಿನಿಂದ ಸಂಜೆಯವರೆಗೆ ಮಣ್ಣು ಹೊತ್ತೆವು. ಯಂತ್ರ ಪಕ್ಕದಲ್ಲೇ ಸುಮ್ಮನೆ ನಿಂತಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರಂತೆ, ಹಾಗಾಯಿತು ನಮ್ಮ ಪಾಡು. ಅಂಗೈಯಲ್ಲಿ ಬೊಬ್ಬೆ ಎದ್ದವು. ಆಕೆ ಟೀ ತಂದುಕೊಟ್ಟು, ಮಶೀನು ಯಾಕೆ ನಿಂತಿದೆ ಎಂದು ಕೇಳಿದಳು. ತಗಡಿನ ವಿಷಯ ಹೇಳಿದೆವು. "ಪಾಪ, ಬಿಸ್ಲಲ್ಲಿ ಹೆಂಗ್ ಕೂರ್ತೀರಿ" ಎಂದು ಮರುಗಿದಳು. ರಾತ್ರಿ ಮಳೆ ಹೊಡೆಯಿತು. ಗೋಡೆ ನಿಂತಿತು.

ಕೆಲವು ದಿನಗಳಲ್ಲಿ ಮುಷ್ಕರ ಗೆದ್ದೆವು. ತಗಡೂ ಬಂತು. ಅದರ ಹಿಂದೆಯೇ ಕಂಪನಿಯ ಎಂಜಿನಿಯರ್ ಬಂದರು.

"ಯಾರ್ರೀ ಮುಚ್ಚಿದ್ದು ಇದನ್ನ? ಪೈಪು ಇಲ್ಲೇ ಹೋಗ್ಬೇಕು. ತೆಗೀರಿ."

"ಮಶೀನ್ ಬೇಡ ಸಾರ್. ಮಣ್ಣು ಒದ್ದೆ ಇದೆ, ಅದುರಿದ್ರೆ ಗೋಡೆ ಬೀಳುತ್ತೆ. ನಾವೇ ಗುದ್ದಲೀಲಿ ಸ್ವಲ್ಪ ಸ್ವಲ್ಪ ತೆಗೀತೀವಿ."

ಅವರು ನಕ್ಕರು. "ಗುದ್ದಲಿ ಕೊಡ್ಬಾರ್ದು ಅಂತ ಬರೆಸ್ಕೊಂಡೋರು ನೀವೇ ಅಲ್ವೇನ್ರೀ? ನಾನ್ ಕೊಟ್ರೆ ನಾಳೆ ಮತ್ತೆ ಬಕೆಟ್ ಇಳಿಸ್ತೀರಿ. ಕೂಲಿಯೋರೆಲ್ಲ ಮಾಕಳಿ ಸೈಟಿಗೆ ಹೋಗಿದಾರೆ. ಹತ್ತಿ, ಹತ್ತಿ."

ಪಕ್ಕದಲ್ಲೇ ನಿಂತಿದ್ದ ಕಾರ್ಯದರ್ಶಿಯ ಮುಖ ನೋಡಿದೆ. "ಅಗ್ರಿಮೆಂಟ್ ನಾವೇ ಮುರಿಯೋಕಾಗಲ್ಲ ಕಣೋ" ಎಂದರು. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರೆ. ನನ್ನ ವಿಷಯದಲ್ಲಿ ದರಿ ತೋಡಿದವನೂ ನಾನೇ, ಮುಚ್ಚಿದವನೂ ನಾನೇ. ಆಗುವುದಿಲ್ಲ ಎಂದು ಹೊರಟುಹೋಗಿದ್ದರೆ ಇನ್ನೊಬ್ಬ ಹತ್ತುತ್ತಿದ್ದ. ನನ್ನ ಕೈಯಾದರೂ ಹಗುರ ಎಂದುಕೊಂಡು, ಮುದುಕಿಯ ಟ್ರಂಕು, ಪಾತ್ರೆ, ಒಣಗಲಿಟ್ಟ ಊದುಬತ್ತಿಯನ್ನೆಲ್ಲ ಹೊರಗಿಟ್ಟು ಹತ್ತಿದೆ.

ಎಷ್ಟು ಮೆಲ್ಲಗೆ ಎತ್ತಿದರೂ ಗೋಡೆ ಕುಸಿಯಿತು. ಜೊತೆಗೆ ಹೆಂಚೂ ಬಿತ್ತು.

ಎಂಜಿನ್ ನಿಲ್ಲಿಸಿದೆ. ಆಕೆ ಟ್ರಂಕಿನ ಮೇಲೆ ಕೂತು ನನ್ನತ್ತ ತಲೆಯೆತ್ತಿ ನೋಡಿದಳು. ಹೊಸ ತಗಡು ಕಣ್ಣಿಗೆ ಬಿದ್ದಿರಬೇಕು.

"ನೆರಳು ಹಾಕ್ಸ್‌ಕೊಟ್ರಾ ಬೇಟಾ? ಒಳ್ಳೇದಾಯ್ತು ಬಿಡು" ಎಂದಳು.

ಅದು ಕೊಂಕು ಮಾತಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನಿಜವಾಗಿಯೂ ಸಂತೋಷಪಟ್ಟು ಹೇಳಿದ್ದಳು.