ರವಿಶಂಕರರ ನಿಂತ ಸಭೆ

ಕುಂದಾಪುರದಲ್ಲಿ ಮೀನು ವ್ಯಾಪಾರಕ್ಕೊಂದು ಆ್ಯಪ್ ಕಟ್ಟುತ್ತಿರುವ ಪುಟ್ಟ ತಂಡದ ಮುಖ್ಯಸ್ಥ ರವಿಶಂಕರರಿಗೆ ಕೂತು ಮಾಡುವ ಸಭೆ ಆಗದು. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು, "ಹ್ವಾಯ್, ನಿನ್ನೆ ಎಂತ ಆಯ್ತ್? ಇವತ್ತ್ ಎಂತ ಮಾಡ್ತ್ರಿ? ಎಲ್ಲಿ ಸಿಕ್ಕಿಬಿದ್ರಿ?" ಎನ್ನುತ್ತಾರೆ. ದೋಸೆ ಹೊಯ್ಯುವ ಹೆಂಡತಿಯನ್ನೂ ಹೀಗೇ ಕೇಳಿ ಸೌಟಿನ ಏಟು ತಪ್ಪಿಸಿಕೊಂಡವರು. ಕೆಲಸ ಪೂರ್ತಿ ಮುಗಿಯಲೆಂದು ಕಾಯುವವರಲ್ಲ. ಅರ್ಧ ಆದದ್ದನ್ನೇ ಮೀನು ಮಾರುವವರಿಗೆ ತೋರಿಸಿ, ಬೈಗುಳ ತಿಂದು, ತಿದ್ದುವುದಕ್ಕೆ ಏನೋ ಸಿಕ್ಕಿತೆಂದು ಖುಷಿಯಿಂದ ಮರಳುತ್ತಾರೆ. ಹೊಸದಾಗಿ ಸೇರಿದ ಮೋಕ್ಷಿತಾ ಮಾತ್ರ ದಿನವೂ "ಎಲ್ಲ ಸರಿ ಇತ್ತ್ ಸರ್" ಎಂದು ತಲೆ ತಗ್ಗಿಸುತ್ತಿದ್ದಳು. ಅದನ್ನು ಗಮನಿಸಿದ ರವಿಶಂಕರರು ಇಂದು ತಮ್ಮ ತೊಡಕನ್ನೇ ಮೊದಲು ಹೇಳಿದರು: "ನಾ ಮಾಡಿದ್ದ್ ಪೂರಾ ತಪ್ಪಾಯ್ತ್ ಮಾರಾಯ್ರೆ, ಯಾರಾರು ಸ್ವಲ್ಪ ಕಂಡ್ ಸರಿ ಮಾಡಿ." ಮೋಕ್ಷಿತಾ ಮೆಲ್ಲಗೆ, "ಸರ್, ನಂಗೂ ವಾರದಿಂದ ಒಂದೇ ಕಡೆ ಸಿಕ್ಕಿಬಿದ್ದ್ ಮುಂದೆ ಹೋಪುಕೆ ಆತಿಲ್ಲ," ಎಂದಳು. ಮಾತು ಮುಗಿಯುವಷ್ಟರಲ್ಲಿ ಸಹೋದ್ಯೋಗಿ ಗೌರೀಶ ಅವಳ ಪಕ್ಕಕ್ಕೆ ಕುರ್ಚಿ ಎಳೆದಿದ್ದ.